ಸ್ಲೀಪ್‌ನಲ್ಲಿರುವ ಲ್ಯಾಪ್‌ಟಾಪ್ ಕಳುವಾದರೆ ಎನ್‌ಕ್ರಿಪ್ಷನ್ ಕೀ ಸಿಗುತ್ತದಾ?

ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಪಾಸ್‌ವರ್ಡ್ ಗಟ್ಟಿಯಾಗಿದೆ, ಕೆಲಸ ಮುಗಿದರೆ ಸುಮ್ನೆ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕುತ್ತೇನೆ, ಇಷ್ಟು ಸಾಕಲ್ವಾ ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ಮಾರಿ ದುಡ್ಡು ಮಾಡುವ ಕಳ್ಳನಿಗೆ ಇಷ್ಟು ಸಾಕು. ನಿಮ್ಮ ಡೇಟಾ ಮೇಲೇ ಕಣ್ಣಿಟ್ಟು ಬಂದವನಿಗೆ ಸಾಲದು. ಅವನಿಗೆ ದಾರಿ ಮಾಡಿಕೊಡುವುದು ಆ ಮುಚ್ಚಳ ಮುಚ್ಚುವ ಅಭ್ಯಾಸವೇ.

ಡಿಸ್ಕಿನಿಂದ ಏನು ಓದಬೇಕಾದರೂ ಕೀ, ಅಂದರೆ ಎನ್‌ಕ್ರಿಪ್ಷನ್ ಬಿಡಿಸುವ ಗುಟ್ಟಿನ ಸಂಖ್ಯೆ, ಬೇಕು. ಹಾಗಾಗಿ ಒಮ್ಮೆ ಅನ್‌ಲಾಕ್ ಆದ ಮೇಲೆ ಅದು ಸಾಮಾನ್ಯವಾಗಿ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಸ್ಲೀಪ್‌ನಲ್ಲೂ ರ‍್ಯಾಮ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ, ಕೀ ಅಲ್ಲೇ ಉಳಿಯುತ್ತದೆ.

ಕರೆಂಟ್ ತೆಗೆದ ಕೂಡಲೇ ರ‍್ಯಾಮ್ ಖಾಲಿ ಅಂತ ತುಂಬಾ ಜನ ನಂಬಿದ್ದಾರೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಅದನ್ನು ಸುಳ್ಳು ಮಾಡಿ ತೋರಿಸಿದರು. ಧೂಳು ಹೊಡೆಯುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಹಿಡಿದು ಚಿಪ್ ಮೇಲೆ ಬಿಟ್ಟರು. ಚಿಪ್ ಸುಮಾರು ಮೈನಸ್ 50 ಡಿಗ್ರಿಗೆ ಇಳಿಯಿತು. ಆ ಚಳಿಯಲ್ಲಿ ಕರೆಂಟ್ ಇಲ್ಲದೆ 10 ನಿಮಿಷ ಕಳೆದರೂ ಕೆಟ್ಟ ಬಿಟ್‌ಗಳು ಶೇ. 1ಕ್ಕಿಂತ ಕಡಿಮೆ. ಚಿಪ್ ಕಿತ್ತು ಬೇರೆ ಮೆಷಿನ್‌ಗೆ ಹಾಕಿ ಓದಲು ಅಷ್ಟು ಹೊತ್ತು ಧಾರಾಳ.

ನನಗೆ ಇದರಲ್ಲಿ ತುಂಬಾ ಹಿಡಿಸಿದ ಭಾಗ ಮುಂದಿನದು. ಗಿಗಾಬೈಟ್‌ಗಟ್ಟಲೆ ಡೇಟಾದಲ್ಲಿ 32 ಬೈಟ್‌ಗಳ ಕೀಯನ್ನು ಹುಡುಕುವುದು ಹೇಗೆ? ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನ ಕೆಲಸ ಮಾಡುವಾಗ 256 ಬಿಟ್ ಕೀಯನ್ನು 240 ಬೈಟ್‌ಗಳಿಗೆ ಹಿಗ್ಗಿಸುತ್ತದೆ. ವೇಗಕ್ಕಾಗಿ ಅದನ್ನು ಮೊದಲೇ ಲೆಕ್ಕ ಹಾಕಿ ಮೆಮೊರಿಯಲ್ಲಿ ಇಟ್ಟಿರುತ್ತಾರೆ. ಆ ಬೈಟ್‌ಗಳ ನಡುವೆ ಲೆಕ್ಕದ ನಂಟಿದೆ. ಆ ನಂಟು ಎಲ್ಲಿ ಕಂಡಿತೋ ಅಲ್ಲಿ ಕೀ ಇದೆ. ಅಲ್ಲೊಂದು ಇಲ್ಲೊಂದು ಬಿಟ್ ಕೆಟ್ಟಿದ್ದರೂ ಉಳಿದವುಗಳಿಂದ ಸರಿಪಡಿಸಬಹುದು. ಬಿಟ್‌ಲಾಕರ್, ಫೈಲ್‌ವಾಲ್ಟ್, ಡಿಎಂ-ಕ್ರಿಪ್ಟ್, ಟ್ರೂಕ್ರಿಪ್ಟ್ ಎಂಬ ಡಿಸ್ಕ್ ಎನ್‌ಕ್ರಿಪ್ಷನ್ ತಂತ್ರಾಂಶಗಳು ನಾಲ್ಕೂ ಅಂದು ಸೋತವು.

ಆಮೇಲೆ, ಬೂಟ್ ಆಗುವಾಗ, ಅಂದರೆ ಮೆಷಿನ್ ಆನ್ ಆಗುವಾಗ, ಮೊದಲು ಓಡುವ ತಂತ್ರಾಂಶವಾದ ಫರ್ಮ್‌ವೇರ್ ಹಳೆಯ ಮೆಮೊರಿಯನ್ನು ಅಳಿಸುವ ವ್ಯವಸ್ಥೆ ಬಂತು. 2018ರಲ್ಲಿ ಸೈಬರ್ ಭದ್ರತಾ ಕಂಪನಿ ಎಫ್-ಸೆಕ್ಯೂರ್‌ನವರು ಆ ಸೆಟ್ಟಿಂಗನ್ನೇ ತಿದ್ದಿ ದಾಟಿದರು. ರ‍್ಯಾಮ್ ಬೋರ್ಡಿಗೆ ಬೆಸುಗೆಯಾಗಿದ್ದರೆ ಕೀಳುವುದು ಕಷ್ಟ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಥಂಡರ್‌ಬೋಲ್ಟ್‌ನಂಥ ಪೋರ್ಟ್‌ಗಳಿಂದ ನೇರ ಮೆಮೊರಿ ಓದುವ ದಾಳಿಯೂ ಇದೆ. ಹೊಸ ಮೆಷಿನ್‌ಗಳಲ್ಲಿ ಐಒಎಂಎಂಯು (ಯಾವ ಸಾಧನ ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಭಾಗ) ಅದನ್ನು ಬಹುಮಟ್ಟಿಗೆ ತಡೆಯುತ್ತದೆ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ನನ್ನ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುತ್ತದೆ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಕರೆಂಟ್ ನಿಲ್ಲಿಸುತ್ತದೆ), ಪ್ರಯಾಣಕ್ಕೆ ಮುಂಚೆ ಪೂರ್ತಿ ಶಟ್‌ಡೌನ್ ಮಾಡುತ್ತೇನೆ. ಆಫ್ ಮಾಡಿದ ಮೇಲೂ ಕೆಲವು ನಿಮಿಷ ಕಣ್ಣ ಮುಂದೆಯೇ ಇರಲಿ.

ವಿಂಡೋಸ್‌ನ ಬಿಟ್‌ಲಾಕರ್ ಬಳಸುವವರು ಇನ್ನೊಂದು ನೋಡಿಕೊಳ್ಳಲೇಬೇಕು. ಬೂಟ್‌ನಲ್ಲಿ ಪಿನ್ ಕೇಳದಿದ್ದರೆ, ಆಫ್ ಆಗಿದ್ದ ಮೆಷಿನ್ ಕಳ್ಳನ ಕೈಯಲ್ಲೂ ತಾನಾಗಿ ಅನ್‌ಲಾಕ್ ಆಗಿ ಕೀಯನ್ನು ರ‍್ಯಾಮ್‌ಗೆ ತರುತ್ತದೆ. ಕೀ ಕಾಯ್ದಿಡುವ ಟಿಪಿಎಂ ಬೇರೆ ಚಿಪ್ ಆಗಿದ್ದರೆ ಅಲ್ಲಿಂದ ಪ್ರೊಸೆಸರ್‌ಗೆ ಹೋಗುವ ತಂತಿಯಲ್ಲೇ ಕೀ ಹಿಡಿಯಬಹುದು. 2024ರಲ್ಲಿ ಒಬ್ಬರು ಅಗ್ಗದ ಪುಟ್ಟ ಬೋರ್ಡ್ ರಾಸ್ಪ್‌ಬೆರಿ ಪೈ ಪಿಕೊ ಇಟ್ಟುಕೊಂಡು ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಇದನ್ನು ಒಂದು ನಿಮಿಷದೊಳಗೆ ಮಾಡಿ ತೋರಿಸಿದರು. ಹಾಗಾಗಿ ಪಿನ್ ಹಾಕಿ. ಲಿನಕ್ಸ್ ಆದರೆ ಸ್ವಾಪ್ (ಮೆಮೊರಿಯಲ್ಲಿದ್ದದ್ದನ್ನು ಬರೆದಿಡುವ ಡಿಸ್ಕಿನ ಜಾಗ) ಕೂಡ ಎನ್‌ಕ್ರಿಪ್ಟ್ ಆಗಿದೆಯಾ ಅಂತ ಇವತ್ತೇ ನೋಡಿ, ಇಲ್ಲದಿದ್ದರೆ ಹೈಬರ್ನೇಟ್ ಆದಾಗ ಆ ಕೀ ಹೋಗಿ ಡಿಸ್ಕಿನಲ್ಲೇ ಕೂರುತ್ತದೆ.