ಮಾವು ಕಲ್ಲಾಯಿತು, ಬಾಳೆ ಕಪ್ಪಾಯಿತು: ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಹಣ್ಣು ಫ್ರೀಜ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ, ನಕ್ಕಿದ್ದು ನನ್ನ ಕಥೆ ನೆನಪಾಗಿ. ಬಾದಾಮಿ ಮಾವಿನಹಣ್ಣು ಹೆಚ್ಚಿ ಡಬ್ಬಿ ತುಂಬಾ ಹಾಕಿ ಫ್ರೀಜರಿನಲ್ಲಿಟ್ಟಿರಿ, ವಾರ ಬಿಟ್ಟು ತೆಗೆದರೆ ಇಡೀ ಡಬ್ಬಿ ಒಂದೇ ಕಲ್ಲು. ಬಾಳೆಹಣ್ಣು ಸಿಪ್ಪೆ ಸಮೇತ ಇಟ್ಟಿರಿ, ಕಪ್ಪಾಗಿ ಸಿಪ್ಪೆ ಬಿಡಿಸುವುದಕ್ಕೂ ಬರಲಿಲ್ಲ. ಇರುವುದು ಸಿಂಗಲ್ ಡೋರ್ ಫ್ರಿಜ್ಜು, ಬೆಳಿಗ್ಗೆ ಸ್ಮೂದಿಗೂ ಬೇಕು, ಸಂಜೆ ಮಕ್ಕಳಿಗೆ ಬಾಯಾಡಿಸಲೂ ಏನಾದರೂ ಬೇಕು. ಇದಷ್ಟನ್ನೂ ನಾನು ಮಾಡಿ ಕೆಡಿಸಿಕೊಂಡಿದ್ದೇನೆ. ಮೊದಲ ವರ್ಷ ಆ ಮಾವಿನ ಕಲ್ಲನ್ನು ಟವೆಲಿನಲ್ಲಿ ಸುತ್ತಿ ಅಡುಗೆಮನೆ ನೆಲದ ಮೇಲಿಟ್ಟು ಲಟ್ಟಣಿಗೆಯಿಂದ ಬಡಿದು ಒಡೆದೆ. ಕೆಳಗಿನ ಮನೆಯವರು ಮೇಲೆ ಬಂದು "ಏನಾಯ್ತ್ರೀ?" ಅಂತ ಕೇಳಿದರು.

ಗಡ್ಡೆ ಕಟ್ಟುವುದು ರಸದಿಂದ. ಹೆಚ್ಚಿದ ಹೋಳಿನ ಮೈಮೇಲೆ ರಸ ಇರುತ್ತದೆ ಅಲ್ವಾ, ಅದು ಹೆಪ್ಪುಗಟ್ಟುವಾಗ ಪಕ್ಕದ ಹೋಳನ್ನು ಗೋಂದು ಹಚ್ಚಿದ ಹಾಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಹೋಳುಗಳು ಮೊದಲು ಬಿಡಿಬಿಡಿಯಾಗಿ ಗಟ್ಟಿಯಾಗಬೇಕು, ಆಮೇಲೆ ಡಬ್ಬಿಗೆ ಹೋಗಬೇಕು. ಇದಕ್ಕೆ ವಿಶೇಷ ಟ್ರೇ ಏನೂ ಬೇಡ. ನಾನು ಬಳಸುವುದು ತಿಂಡಿಯ ಸ್ಟೀಲ್ ತಟ್ಟೆ, ಊಟದ ತಟ್ಟೆ ನಮ್ಮ ಫ್ರೀಜರಿನೊಳಗೆ ಹಿಡಿಸುವುದಿಲ್ಲ. ತಟ್ಟೆಯ ಮೇಲೆ ಬಟರ್ ಪೇಪರ್ ಹಾಸಿ, ಹೋಳುಗಳನ್ನು ಒಂದಕ್ಕೊಂದು ತಾಗದ ಹಾಗೆ ಒಂದೇ ಪದರವಾಗಿ ಹರಡಿ. ಪೇಪರ್ ಇಲ್ಲದಿದ್ದರೆ ಸ್ಟೀಲಿಗೇ ಅಂಟಿಕೊಂಡು ಕೀಳುವಷ್ಟರಲ್ಲಿ ಸಾಕಾಗುತ್ತದೆ. ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಐಸ್ ಪೆಟ್ಟಿಗೆಯ ಗೋಡೆ, ನೆಲವೇ ತಣ್ಣಗಾಗುವ ಭಾಗ, ಆದ್ದರಿಂದ ತಟ್ಟೆಯನ್ನು ಬೇರೆ ಸಾಮಾನಿನ ಮೇಲೆ ಕೂರಿಸದೆ ನೇರವಾಗಿ ಅದರ ನೆಲಕ್ಕೇ ಇಡಿ. ತಟ್ಟೆಯ ತಳ ಒರೆಸಿ ಇಡುವುದು ಮರೆಯಬೇಡಿ, ಒದ್ದೆ ಇದ್ದರೆ ತಟ್ಟೆಯೇ ಕಚ್ಚಿಕೊಳ್ಳುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆ ಹೋಳುಗಳು ಗೋಲಿಗಳ ಹಾಗೆ ಟಣಟಣ ಅನ್ನುತ್ತವೆ. ಆಗ ಜಿಪ್ ಕವರಿಗೆ ತುಂಬಿ.

ಕವರಿನಲ್ಲಿ ಗಾಳಿ ಉಳಿದರೆ ಹಣ್ಣಿನ ಮೇಲೆ ಬಿಳಿ ಬಿಳಿ ಒಣಕಲು ಮಚ್ಚೆ ಬರುತ್ತದೆ, ತಿಂದರೆ ರಟ್ಟು ತಿಂದ ಹಾಗಿರುತ್ತದೆ. ಗಾಳಿ ತೆಗೆಯಲು ಸುಲಭ ಉಪಾಯ: ಜಿಪ್ಪನ್ನು ಒಂದು ಮೂಲೆ ಮಾತ್ರ ಬಿಟ್ಟು ಮುಚ್ಚಿ, ಕವರನ್ನು ಬಕೆಟ್ ನೀರಿನಲ್ಲಿ ನಿಧಾನ ಇಳಿಸಿ. ನೀರು ಒತ್ತಿ ಗಾಳಿಯನ್ನೆಲ್ಲ ಮೇಲಕ್ಕೆ ತಳ್ಳುತ್ತದೆ, ನೀರು ಬಾಯಿಗೆ ಬರುವ ಮುಂಚೆ ಆ ಮೂಲೆ ಒತ್ತಿಬಿಡಿ. ಇನ್ನೊಂದು, ಫ್ರೀಜರಿನಲ್ಲಿ ಮೀನೋ ಬೆಳ್ಳುಳ್ಳಿ ಪೇಸ್ಟೋ ಇದ್ದರೆ ಅದರ ಡಬ್ಬಿಯ ಮುಚ್ಚಳ ಬಿಗಿ ಇದೆಯಾ ನೋಡಿ. ಬೆಳ್ಳುಳ್ಳಿ ವಾಸನೆಯ ಚಿಕ್ಕು ಮಿಲ್ಕ್‌ಶೇಕ್ ಕುಡಿದವಳು ನಾನು.

ಒಂದೇ ದಿನ 5 ಕೆಜಿ ತುರುಕಬೇಡಿ. ಹಣ್ಣು ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಒಳಗಿನ ನೀರು ದೊಡ್ಡ ದೊಡ್ಡ ಐಸ್ ಹರಳಾಗುತ್ತದೆ, ಆ ಹರಳು ಹಣ್ಣಿನ ಕೋಶಗಳನ್ನು ಚುಚ್ಚಿ ಹರಿಯುತ್ತದೆ. ಅದಕ್ಕೇ ಕರಗಿದ ಮೇಲೆ ಹಣ್ಣು ಪಿಚಪಿಚ. ಚೆನ್ನಾಗಿ ಫ್ರೀಜ್ ಮಾಡಿದ್ದಕ್ಕೂ ಇದು ಸ್ವಲ್ಪ ಮಟ್ಟಿಗೆ ತಪ್ಪಿದ್ದಲ್ಲ. ಆದ್ದರಿಂದ ಕರಗಿಸಿ ತಾಜಾ ಹಣ್ಣಿನ ಹಾಗೆ ತಿನ್ನುತ್ತೇನೆ ಅಂದುಕೊಳ್ಳಬೇಡಿ. ಗಟ್ಟಿಯಿದ್ದಾಗಲೇ ತಿನ್ನಬೇಕು, ಇಲ್ಲ ರುಬ್ಬಬೇಕು.

ಫ್ರೀಜರು ಹಣ್ಣನ್ನು ಮಾಗಿಸುವುದಿಲ್ಲ. ತಣ್ಣಗಿರುವಾಗ ನಾಲಿಗೆಗೆ ಸಿಹಿಯೂ ಕಡಿಮೆ ಗೊತ್ತಾಗುತ್ತದೆ. ಅರೆಹಣ್ಣು ಇಟ್ಟರೆ ಅದು ಸಪ್ಪೆ ಐಸೇ. ಇವತ್ತು ತಿನ್ನದಿದ್ದರೆ ನಾಳೆ ಕೆಡುತ್ತದೆ ಅನ್ನುವಷ್ಟು ಮಾಗಿದಾಗ ಇಡಿ, ಕೊಳೆತದ್ದು ಮಾತ್ರ ಬೇಡ. ತೊಳೆದು, ಪೂರ್ತಿ ಒರೆಸಿ ಆಮೇಲೆ ಹೆಚ್ಚಿ, ಫ್ರೀಜರಿನ ಚಳಿಗೆ ಕ್ರಿಮಿಗಳು ಸಾಯುವುದಿಲ್ಲ, ಸುಮ್ನೆ ನಿದ್ದೆ ಮಾಡುತ್ತವೆ ಅಷ್ಟೇ.

ಈಗ ನಿಮ್ಮ ಬಾಳೆಹಣ್ಣು. ಕಪ್ಪಾಗಿದ್ದನ್ನು ಎಸೆದಿಲ್ಲ ತಾನೇ? ಸಿಪ್ಪೆ ಮಾತ್ರ ಕಪ್ಪು, ಒಳಗೆ ಸರಿಯಾಗೇ ಇರುತ್ತದೆ. ಒಂದು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿದು ಚಾಕುವಿನಲ್ಲಿ ಉದ್ದಕ್ಕೆ ಸೀಳಿ ಸಿಪ್ಪೆ ತೆಗೆಯಿರಿ. ಮುಂದಿನ ಸಲ ಸುಲಿದೇ ಇಡಿ. ತಿರುಳೂ ಕಂದುಬಣ್ಣಕ್ಕೆ ತಿರುಗುವುದುಂಟು, ಹಣ್ಣಿನಲ್ಲೇ ಇರುವ ಒಂದು ಕಿಣ್ವ ಗಾಳಿ ತಾಗಿದಾಗ ಮಾಡುವ ಕೆಲಸ ಅದು, ಹೆಚ್ಚಿಟ್ಟ ಸೇಬು ಕೆಂಪಾಗುತ್ತದಲ್ಲ, ಅದೇ. ನಿಂಬೆರಸದ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ಅರ್ಧ ನಿಂಬೆಹಣ್ಣಿಗೆ ಎರಡು ಚಮಚ ನೀರು ಬೆರೆಸಿ ಬಿಲ್ಲೆಗಳ ಮೇಲೆ ಸವರಿದರೆ ಸಾಕು, ರುಚಿಯಲ್ಲಿ ಗೊತ್ತೂ ಆಗುವುದಿಲ್ಲ. ಸ್ಮೂದಿಗೆ ಪಚ್ಚಬಾಳೆ ಒಳ್ಳೆಯದು, ಮೈಮೇಲೆ ಕಪ್ಪು ಚುಕ್ಕೆ ಬಿದ್ದಿದ್ದನ್ನು ಅಂಗಡಿಯವನೂ ಕಡಿಮೆಗೆ ಕೊಡುತ್ತಾನೆ. ಏಲಕ್ಕಿ ಬಾಳೆಯಾದರೆ ಒಂದನ್ನು ಎರಡೇ ತುಂಡು ಮಾಡಿ. ನಂಜನಗೂಡು ರಸಬಾಳೆ ಅಪ್ಪಿತಪ್ಪಿ ಸಿಕ್ಕಿದರೆ ದಯವಿಟ್ಟು ಫ್ರೀಜರಿಗೆ ಹಾಕಬೇಡಿ, ನಿಂತಲ್ಲೇ ತಿನ್ನಿ.

ಮಾವಿನಲ್ಲಿ ಜಾತಿ ನೋಡಬೇಕು. ಬಾದಾಮಿ, ಮಲ್ಲಿಕಾ ಎರಡೂ ಹೋಳು ಮಾಡಲು ಚೆನ್ನ, ತಿರುಳು ಗಟ್ಟಿ, ನಾರು ಕಡಿಮೆ. ರಸಪುರಿ ಹೆಸರೇ ಹೇಳುವ ಹಾಗೆ ರಸ, ಅದನ್ನು ಹೋಳು ಮಾಡಲು ಹೋದರೆ ಮೊಣಕೈವರೆಗೂ ಸೋರುತ್ತದೆ. ಅದನ್ನು ಹಿಂಡಿ ರಸ ತೆಗೆದು ಇಡ್ಲಿ ತಟ್ಟೆಗೆ ಹೊಯ್ಯಿರಿ. ತೂತಿಲ್ಲದ ಇಡ್ಲಿ ತಟ್ಟೆ ಮತ್ತೆ! ನಾನು ಒಮ್ಮೆ ತೂತಿನ ತಟ್ಟೆಗೆ ಹೊಯ್ದು, ಎರಡು ನಿಮಿಷ ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಕಟ್ಟೆಯೆಲ್ಲ ಅರಿಶಿನ ಬಣ್ಣ. ಗಟ್ಟಿಯಾದ ಮೇಲೆ ತಟ್ಟೆಯ ಬೆನ್ನಿಗೆ ಸ್ವಲ್ಪ ನೀರು ಬಿಟ್ಟರೆ ಮಾವಿನ ಇಡ್ಲಿಗಳು ಪುಸಕ್ಕನೆ ಕಳಚುತ್ತವೆ. ನಮ್ಮ ಮನೆಯ ಲೆಕ್ಕ ಎರಡು ಇಡ್ಲಿಗೆ ಒಂದು ಲೋಟ ಸ್ಮೂದಿ. ಗಾಜಿನ ಬಾಟಲಿಗೆ ತುಂಬುವ ಯೋಚನೆ ಇದ್ದರೆ ಮೇಲೆ ಎರಡು ಬೆರಳು ಜಾಗ ಬಿಡಿ, ನೀರು ಐಸಾಗುವಾಗ ನೂರಕ್ಕೆ 9ರಷ್ಟು ಉಬ್ಬುತ್ತದೆ, ಬಾಟಲಿ ಸೀಳುತ್ತದೆ. ಏಲಕ್ಕಿ, ಬೆಲ್ಲ ಎಲ್ಲ ಆಮೇಲೆ, ರುಬ್ಬುವಾಗ.

ಹಲಸು ನನ್ನ ಮೆಚ್ಚಿನದು. ಬಕ್ಕೆ ಹಲಸಿನ ತೊಳೆಯಿಂದ ಬೀಜ ತೆಗೆದು ಹಾಗೇ ಫ್ರೀಜ್ ಮಾಡಿ, ಮಕ್ಕಳ ಕೈಗೆ ಕೊಡಿ, ಕುಲ್ಫಿ ಕೇಳುವುದಿಲ್ಲ. ಚಿಕ್ಕು ಸಿಪ್ಪೆ, ಬೀಜ ತೆಗೆದು ಇಡಬಹುದು. ದಾಳಿಂಬೆ ಕಾಳು ಬಹಳ ಚೆನ್ನಾಗಿ ಉಳಿಯುತ್ತದೆ. ಬಟರ್ ಫ್ರೂಟನ್ನು ಹೋಳಾಗಿ ಇಡಬೇಡಿ, ನಿಂಬೆರಸ ಹಾಕಿ ಕಿವುಚಿ ಇಡಿ. ನೇರಳೆಹಣ್ಣಿನ ಬೀಜ ಬಿಡಿಸುವ ತಾಳ್ಮೆ ಇದ್ದರೆ ಮೊಸರಿನ ಜೊತೆ ರುಬ್ಬಿ ಚಿಟಿಕೆ ಉಪ್ಪು ಹಾಕಿ ನೋಡಿ, ಬಣ್ಣ ನೋಡಿಯೇ ಹೊಟ್ಟೆ ತುಂಬುತ್ತದೆ. ಕಲ್ಲಂಗಡಿ ಬೇಡ, ಅದರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ. ಉಳಿದುಹೋಗಿದ್ದರೆ ತುಂಡು ಮಾಡಿಟ್ಟು ನಿಂಬೆ ಶರಬತ್ತಿಗೆ ಐಸಿನ ಬದಲು ಹಾಕಿ.

ಅನಾನಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಾಲು ಹಾಕಿ ಅನಾನಸ್ ಸ್ಮೂದಿ ಮಾಡಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿ. ಹಣ್ಣು ಕೆಟ್ಟಿದೆ ಅಂದುಕೊಂಡು ನಾನು ಎರಡು ಸಲ ಚೆಲ್ಲಿದ್ದೇನೆ. ಅನಾನಸಿನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ, ಕಹಿ ಬರುವುದು ಅದರಿಂದ. ಫ್ರೀಜ್ ಮಾಡಿದರೂ ಅದು ಸಾಯುವುದಿಲ್ಲ, ಬಿಸಿಗೆ ಮಾತ್ರ ಸಾಯುತ್ತದೆ. ಐದು ನಿಮಿಷ ಕುದಿಸಿ ಆರಿಸಿ ಆಮೇಲೆ ಫ್ರೀಜ್ ಮಾಡಿ, ಇಲ್ಲ ಹಾಲು ಬಿಟ್ಟು ಕಿತ್ತಳೆ ರಸದ ಜೊತೆ ರುಬ್ಬಿ. ಕಿವಿ ಹಣ್ಣಿನದೂ ಇದೇ ಕಥೆ. ಪಪ್ಪಾಯಿಯನ್ನೂ ಹಾಲಿಗೆ ಹಾಕಿದರೆ ಕೂಡಲೇ ಕುಡಿದುಬಿಡಿ.

ಸಿಂಗಲ್ ಡೋರ್ ಅಂದಿರಲ್ಲ, ಒಂದು ಎಚ್ಚರಿಕೆ. ಹಣ್ಣು ತಿಂಗಳುಗಟ್ಟಲೆ ಚೆನ್ನಾಗಿರಬೇಕಾದರೆ ಮೈನಸ್ 18 ಡಿಗ್ರಿ ಬೇಕು, ಪದೇಪದೇ ಬಾಗಿಲು ತೆಗೆಯುವ ನಮ್ಮ ಐಸ್ ಪೆಟ್ಟಿಗೆ ಯಾವಾಗಲೂ ಅಷ್ಟಿರುವುದಿಲ್ಲ. ವರ್ಷಗಟ್ಟಲೆ ಇಡುವ ಆಸೆ ಬಿಡಿ, ನಾನು ಮೂರು ತಿಂಗಳಿಗೆ ಮುಗಿಸುತ್ತೇನೆ, ಕವರಿನ ಮೇಲೆ ತಾರೀಕು ಬರೆದಿರುತ್ತೇನೆ. ಊರಿಗೆ ಹೋಗುವಾಗ ಒಂದು ಸಣ್ಣ ಬಟ್ಟಲಿನಲ್ಲಿ ನೀರು ಐಸ್ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳದಲ್ಲಿದ್ದರೆ ಕರೆಂಟ್ ಹೋಗಿ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ, ಆ ಹಣ್ಣು ಮುಟ್ಟಬೇಡಿ. ಕರೆಂಟ್ ಹೋಗುವುದಷ್ಟೇ ಅಲ್ಲ, ಐಸ್ ಕಟ್ಟಿದೆ ಅಂತ ಮನೆಯಲ್ಲಿ ಯಾರೋ ಡಿಫ್ರಾಸ್ಟ್ ಬಟನ್ ಒತ್ತಿಬಿಡುತ್ತಾರೆ. ನಮ್ಮತ್ತೆ ಒತ್ತಿದ್ದರು, ಪಾಪ ಸಹಾಯಕ್ಕೇ. ನಾನು ಆಫೀಸಿನಿಂದ ಬಂದಾಗ ಎರಡು ಕೆಜಿ ಬಾದಾಮಿ ಹೋಳು ಮೆತ್ತಗಾಗಿತ್ತು, ರಸ ತೊಟ್ಟಿಕ್ಕಿ ತರಕಾರಿ ಟ್ರೇಗೆ ಇಳಿಯುತ್ತಿತ್ತು. ಇನ್ನೂ ತಣ್ಣಗಿತ್ತು, ಹಾಗಾಗಿ ಎಸೆಯಲಿಲ್ಲ. ಆ ರಾತ್ರಿ ಎಲ್ಲರಿಗೂ ಚಪಾತಿ, ಸೀಕರಣೆ. ಅತ್ತೆ ಎರಡನೇ ಸಲ ಹಾಕಿಸಿಕೊಂಡು "ಹೀಗೆ ಮಾಡೋದು ಬಿಟ್ಟು ಐಸಲ್ಲಿ ಯಾಕಿಡ್ತೀಯಾ" ಅಂದರು. ಉತ್ತರ ಹೊಳೆಯಲಿಲ್ಲ.

ಮಿಕ್ಸಿ ಮೇಲೂ ಸ್ವಲ್ಪ ಕರುಣೆ ಇರಲಿ. ಮಾಮೂಲಿ 500 ವ್ಯಾಟಿನ ಮಿಕ್ಸಿಗೆ ಕಲ್ಲಿನಂಥ ಹಣ್ಣು ಒಮ್ಮೆಲೇ ಸುರಿದರೆ ಗರ್ ಅಂದು ನಿಂತುಬಿಡುತ್ತದೆ. ಸುಟ್ಟಿತು ಅಂತ ಗಾಬರಿಯಾಗಬೇಡಿ, ಪ್ಲಗ್ ಕಿತ್ತು ಆರಲು ಬಿಟ್ಟು ಮಿಕ್ಸಿ ಮಗುಚಿ ನೋಡಿ, ಹೆಚ್ಚಿನವುಗಳ ತಳದಲ್ಲಿ ಒಂದು ಸಣ್ಣ ಕೆಂಪು ಬಟನ್ ಇರುತ್ತದೆ, ಒತ್ತಿದರೆ ಮತ್ತೆ ಓಡುತ್ತದೆ. ಹಣ್ಣನ್ನು ಹತ್ತು ನಿಮಿಷ ಹೊರಗಿಟ್ಟು, ಜಾರಿಗೆ ಮೊದಲು ಹಾಲೋ ಮೊಸರೋ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಸುಮ್ನೆ ಪಚ್ಚಬಾಳೆ ಒಂದನ್ನೇ ಎರಡು ಚಮಚ ಹಾಲು ಹಾಕಿ ಹೀಗೆ ತಿರುಗಿಸಿದರೆ ಐಸ್‌ಕ್ರೀಮಿನಂತೆ ಬರುತ್ತದೆ, ಸಕ್ಕರೆಯೂ ಬೇಡ.

ಮಕ್ಕಳ ಸಂಜೆಗೆ ದ್ರಾಕ್ಷಿಯಷ್ಟು ಸುಲಭದ್ದು ಇನ್ನೊಂದಿಲ್ಲ. ಸೀಡ್‌ಲೆಸ್ ತಗೊಳ್ಳಿ, ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಬೀಜ ಇರುತ್ತದೆ. ಉಪ್ಪು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ, ತೊಟ್ಟು ಬಿಡಿಸಿ ಫ್ರೀಜ್ ಮಾಡಿ. ನಿಮ್ಮ ಮಕ್ಕಳ ವಯಸ್ಸು ಹೇಳಿಲ್ಲ ನೀವು. 5 ವರ್ಷದೊಳಗಿನವರಾದರೆ ಇಡೀ ದ್ರಾಕ್ಷಿ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಗಟ್ಟಿ ದ್ರಾಕ್ಷಿ ಇನ್ನೂ ಅಪಾಯ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಫ್ರೀಜ್ ಮಾಡಿ, ಕೊಡುವ ಮುಂಚೆ ಸ್ವಲ್ಪ ಮೆತ್ತಗಾಗಲು ಬಿಡಿ, ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿರಿ.