ಕೈಗೆ ಬರುವುದು 42,000, ಮೇಲೆ ಕಾರ್ಡಿನ ಸಾಲ: ಕ್ರೈಸ್ತರಾಗಿ ಮನೆವಾರ್ತೆ ನಡೆಸುವುದು ಹೇಗೆ?

ತಿಂಗಳಿಗೆ 42,000 ರೂಪಾಯಿ ಕೈಗೆ ಬರುತ್ತದೆ, ಕ್ರೆಡಿಟ್ ಕಾರ್ಡಿನಲ್ಲಿ 40,000 ಬಾಕಿ ಇದೆ, ಹೆಂಡತಿ ಮಕ್ಕಳ ಜೊತೆ ಊರಲ್ಲಿರುವ ತಂದೆತಾಯಿಯನ್ನೂ ನೋಡಿಕೊಳ್ಳಬೇಕು, ಹೀಗಿರುವಾಗ ದಶಮಾಂಶ ಕೊಡಲೇಬೇಕೇ, ದಿನನಿತ್ಯ ದೇವರ ಮುಂದೆ ನಂಬಿಗಸ್ತನಾಗಿರುವುದು ಹೇಗೆ ಎಂದು ಕೇಳಿದ್ದೀರಿ.

ದಶಮಾಂಶದಿಂದ ಶುರು ಮಾಡುವುದೇ ಹೆಚ್ಚಿನವರು ಮಾಡುವ ತಪ್ಪು. ನಮ್ಮ ಬೈಬಲಿನಲ್ಲಿರುವ ಮಾತು ‘ಮನೆವಾರ್ತೆಯವನು’. ಯಜಮಾನನ ಉಗ್ರಾಣ, ಆಳುಗಳ ಊಟ, ಬರಬೇಕಾದ ಸಾಲ ಎಲ್ಲವೂ ಅವನ ಕೈಯಲ್ಲಿ, ಆದರೆ ಯಾವುದೂ ಅವನದಲ್ಲ. ಹತ್ತರಲ್ಲಿ ಒಂದು ದೇವರಿಗೆ ಅಳೆದುಕೊಟ್ಟೆ, ಉಳಿದ ಒಂಬತ್ತು ನನ್ನದು ಅನ್ನುವವನು ಗೇಣಿದಾರನಾದಾನು, ಅಷ್ಟೆ.

ಸಂಬಳ ಬಂದ ದಿನವೇ ಮೊದಲು ಹೋಗಬೇಕಾದ್ದು ನಿಮ್ಮ ಮನೆಗೆಲಸದವರ ಕೂಲಿ. ಯಾಜಕಕಾಂಡ 19:13 ಕೂಲಿಯನ್ನು ಮರುದಿನ ಬೆಳಗಿನವರೆಗೂ ಇಟ್ಟುಕೊಳ್ಳಬಾರದು ಎನ್ನುತ್ತದೆ. ಆಮೇಲೆ ತಂದೆತಾಯಿಯ ಖರ್ಚು. ಅವರಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಮೀಸಲು ಎಂದು ಹೇಳಿ ಜಾರಿಕೊಂಡವರನ್ನು ಯೇಸು ಗದರಿಸಿದ್ದು ಮಾರ್ಕ 7ರಲ್ಲಿದೆ. ಅಪ್ಪನ ಬಿಪಿ ಮಾತ್ರೆಯ ದುಡ್ಡಿನಲ್ಲಿ ಕಾಣಿಕೆ ಹಾಕಬೇಡಿ.

ಈಗ ಕಾರ್ಡು. ತಿಂಗಳಿಗೆ 3.5% ಬಡ್ಡಿ ಎಂದಿಟ್ಟುಕೊಳ್ಳಿ (ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಸರಿಯಾದ ದರ ಇರುತ್ತದೆ). 40,000ಕ್ಕೆ ಬಡ್ಡಿ 1,400, ಅದರ ಮೇಲೆ 18% ಜಿಎಸ್‌ಟಿ 252, ಒಟ್ಟು 1,652. ನೀವು ‘ಮಿನಿಮಮ್ ಡ್ಯೂ’ ಎಂದು 2,000 ಕಟ್ಟಿದರೆ ಅಸಲಿನಲ್ಲಿ ಇಳಿಯುವುದು 348 ರೂಪಾಯಿ. ತಿಂಗಳಿಗೆ 2,000ದಂತೆಯೇ ಕಟ್ಟುತ್ತ ಹೋದರೆ ಮೂರೂವರೆ ವರ್ಷ ದಾಟುತ್ತದೆ. ನನ್ನ ಸಲಹೆ ಇದು: ಸದ್ಯಕ್ಕೆ ಕಾಣಿಕೆಗೆ 3%, ಅಂದರೆ 1,260. ಹತ್ತರಲ್ಲಿ ಉಳಿದ 7%, 2,940 ರೂಪಾಯಿಯನ್ನು ಆ 2,000ಕ್ಕೆ ಸೇರಿಸಿ 4,940 ಕಟ್ಟಿ. ಸುಮಾರು ಹತ್ತು ತಿಂಗಳಲ್ಲಿ ಸಾಲ ತೀರುತ್ತದೆ. ಬಾಕಿ ಉಳಿಸಿಕೊಂಡಿರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುವುದರಿಂದ ಅಲ್ಲಿಯವರೆಗೆ ಕಾರ್ಡು ಬೀರುವಿನಲ್ಲೇ ಇರಲಿ. ಸಾಲ ತೀರಿದ ಮರುತಿಂಗಳೇ 10%ಕ್ಕೆ ಏರಿಸಿ. ಇಲ್ಲದಿದ್ದರೆ ಆ 4,940 ಹೊಸ ಫೋನಿನ ಕಂತಾಗಿಬಿಡುತ್ತದೆ. ದಶಮಾಂಶವನ್ನೆಲ್ಲ ಉಗ್ರಾಣಕ್ಕೆ ತನ್ನಿ ಎನ್ನುವ ಮಲಾಕಿಯ 3:10 ತೋರಿಸಿ ಇದನ್ನು ಒಪ್ಪದ ಸಭಾಪಾಲಕರಿದ್ದಾರೆ. ನಾನು ನೆಚ್ಚಿಕೊಳ್ಳುವುದು 2 ಕೊರಿಂಥ 8:12ನ್ನು: ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಇಲ್ಲದ್ದರಿಂದ ಕೊಡಬೇಕಿಲ್ಲ. ನೀವು ಕಥೋಲಿಕರಾದರೆ ನಿಮ್ಮ ಧರ್ಮಸಭೆಯ ಕಾನೂನಿನ 222ನೇ ವಿಧಿ ಸಭೆಯ ಅಗತ್ಯಗಳಿಗೆ ನೆರವಾಗಿ ಎನ್ನುತ್ತದೆ, ಶೇಕಡಾವಾರು ಹೇಳುವುದಿಲ್ಲ.

ಒಟ್ಟು ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ? ಕೈಗೆ ಬಂದದ್ದರ ಮೇಲೆ ಲೆಕ್ಕ ಹಾಕಿ, ಮುಂದೆ ಪಿಎಫ್ ಬಿಡಿಸಿಕೊಂಡಾಗ ಅದರಿಂದಲೂ ತೆಗೆಯಿರಿ. ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಬಿದ್ದದ್ದನ್ನೆಲ್ಲ ಆದಾಯ ಎಂದುಕೊಳ್ಳಬಾರದು. ಸರಕು, ಬಾಡಿಗೆ, ಕೂಲಿ ಕಳೆದು ಉಳಿದದ್ದೇ ಆದಾಯ.

10% ತಲುಪಿದ ಮೇಲೆ, 4,200ರಲ್ಲಿ 2,500 ನಿಮ್ಮ ಸಭೆಗೆ, 1,000 ಹತ್ತಿರದವರ ಆಸ್ಪತ್ರೆ, ಶಾಲೆ ಫೀಸಿನಂಥ ಕಷ್ಟಕ್ಕೆ, 700 ವರ್ಷದ ವಿಶೇಷ ಕಾಣಿಕೆಗೆ. ಮೂರನೆಯ ವರ್ಷದ ದಶಮಾಂಶ ಪರದೇಶಿ, ಅನಾಥ, ವಿಧವೆಯರ ಹೊಟ್ಟೆಗೂ ಹೋಗಬೇಕೆಂದು ಧರ್ಮೋಪದೇಶಕಾಂಡ 14ರಲ್ಲಿದೆ, ಆ 1,000 ಅದಕ್ಕಾಗಿ. ಇವನ್ನು ಬೇರೆ ಉಳಿತಾಯ ಖಾತೆಯಲ್ಲಿಡಿ. ಸುಗ್ಗಿ ಹಬ್ಬದಲ್ಲಿ ಕಾಣಿಕೆಗೆ ಬಂದ ಫಸಲನ್ನು ಸಭೆಯಲ್ಲಿ ಹರಾಜು ಹಾಕುವಾಗ ಕುಂಬಳಕಾಯಿಯನ್ನು ಮೂರು ಸಾವಿರಕ್ಕೆ ಕೂಗಿ, ಆಮೇಲೆ ಖಜಾಂಚಿಯ ಕಣ್ಣು ತಪ್ಪಿಸಿ ಓಡಾಡುವವರು ಎಲ್ಲ ಸಭೆಯಲ್ಲೂ ಇರುತ್ತಾರೆ. ಆ ಖಾತೆಯಲ್ಲಿ ಎಷ್ಟಿದೆಯೋ ಅಷ್ಟರವರೆಗೆ ಮಾತ್ರ ಕೂಗಿ. ರಸೀದಿ ಕೇಳುವುದು ಅಪನಂಬಿಕೆಯಲ್ಲ. ಯೆರೂಸಲೇಮಿಗೆ ದುಡ್ಡು ಒಯ್ಯುವಾಗ ಯಾರೂ ಬೆರಳು ತೋರಿಸಬಾರದೆಂದು ಪೌಲನೇ ಜೊತೆಗೆ ಬೇರೆಯವರನ್ನು ಕಳುಹಿಸಿದ (2 ಕೊರಿಂಥ 8:18-21). ಹಾಗೆಯೇ, ಸಭೆಗೆ ಹಾಕಿದ ಕಾಣಿಕೆಗೆ ದಾನಕ್ಕೆ ಕೊಡುವ ತೆರಿಗೆ ರಿಯಾಯಿತಿ (80ಜಿ ಎಂದು ಹೆಸರಾದದ್ದು) ಸಾಮಾನ್ಯವಾಗಿ ಸಿಗುವುದಿಲ್ಲ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಯಾವ ಟ್ರಸ್ಟಿಗೆ ಕೊಟ್ಟರೂ ಇಲ್ಲ.

ದುಡ್ಡು ತೀರಾ ಬಿಗಿಯಾಗಿರುವ ತಿಂಗಳಲ್ಲಿ ಹಿಡಿ ಅಕ್ಕಿ. ಮಿಜೋರಾಮಿನ ಹೆಂಗಸರು 1910ರಿಂದ ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುತ್ತ ಬಂದಿದ್ದಾರೆ, ಅವರ ಭಾಷೆಯಲ್ಲಿ ಅದು ‘ಬುಹ್‌ಫಾಯ್ ಥಾಮ್’. ಒಂದು ಹಿಡಿ 45 ಗ್ರಾಂ ಎಂದರೆ ದಿನಕ್ಕೆರಡು ಅಡುಗೆಯಂತೆ ತಿಂಗಳಿಗೆ 2.7 ಕೆಜಿ. ಒಣಗಿದ ಡಬ್ಬಿಯಲ್ಲಿಟ್ಟು ತಿಂಗಳಿಗೊಮ್ಮೆ ಕೊಟ್ಟುಬಿಡಿ, ಕೂಡಿಡಲು ಹೋದರೆ ಹುಳ ಬೀಳುತ್ತದೆ. ಕೊಡುವ ಅಕ್ಕಿ ನೀವು ಉಣ್ಣುವ ಅಕ್ಕಿಯೇ ಆಗಿರಲಿ.

ಮನೆವಾರ್ತೆ ದುಡ್ಡಿಗಷ್ಟೇ ಅಲ್ಲ, ನೀರಿಗೂ ಸೇರಿದ್ದು. ಸೋರುವ ನಲ್ಲಿಯ ಕೆಳಗೆ ಹತ್ತು ನಿಮಿಷ ಲೋಟವಿಟ್ಟು, ಬಿದ್ದ ನೀರನ್ನು 144ರಿಂದ ಗುಣಿಸಿ. 100 ಮಿಲಿ ಬಿದ್ದಿದ್ದರೆ ದಿನಕ್ಕೆ 14 ಲೀಟರ್ ಮೇಲಾಯಿತು. ವಾಷರ್ ಹಾಕಿಸಿ, ಅದಕ್ಕೆ ವಚನ ಬೇಕಿಲ್ಲ.

ಚೀಟಿಗೆ ಜಾಮೀನು ನಿಲ್ಲಲು ಸಭೆಯವರೇ ಕೇಳುತ್ತಾರೆ, ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. 25 ತಿಂಗಳ 5 ಲಕ್ಷದ ಚೀಟಿಯನ್ನು ಐದನೇ ತಿಂಗಳು ಎತ್ತಿದವರು ಕಟ್ಟದೆ ಹೋದರೆ ಉಳಿದ 20 ಕಂತು, ಹೆಚ್ಚೆಂದರೆ 4 ಲಕ್ಷ, ನಿಮ್ಮ ಸಂಬಳಕ್ಕೆ ಬರುತ್ತದೆ. ಜಾಮೀನು ನಿಂತಿದ್ದರೆ ಬಿಡಿಸಿಕೋ ಎನ್ನುವ ಜ್ಞಾನೋಕ್ತಿ 6:1-5 ಓದಿ. ಆ ಸಾವಿರದ ನಿಧಿಯಿಂದ ಸಹಾಯ ಮಾಡಿ, ಸಹಿ ಹಾಕಬೇಡಿ.

ಕೊನೆಯದು ಯಾರೂ ಎತ್ತದ ವಿಷಯ, ಉಯಿಲು. ಇದನ್ನು ಈ ತಿಂಗಳೇ ಬರೆಯಿರಿ. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ನೀವು ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಪಾಲು, ಮಕ್ಕಳಿಗೆ ಮೂರನೇ ಎರಡು. ಮಕ್ಕಳಿರುವಾಗ ತಂದೆತಾಯಿಗೆ ಏನೂ ಬರುವುದಿಲ್ಲ. ಬ್ಯಾಂಕ್ ಠೇವಣಿಯಲ್ಲಿ ಅವರನ್ನು ನಾಮಿನಿ ಮಾಡಿದರೂ ಆ ದುಡ್ಡು ಅವರದಾಗುವುದಿಲ್ಲ. ವಾರಸುದಾರರ ಪರವಾಗಿ ತೆಗೆದುಕೊಳ್ಳುವವರು ಮಾತ್ರ, ಒಂದು ಬಗೆಯಲ್ಲಿ ಅವರೂ ಮನೆವಾರ್ತೆಯವರೇ. ಸಭೆಗೋ ಅನಾಥಾಶ್ರಮಕ್ಕೋ ಒಂದಿಷ್ಟು ಬರೆದಿಡಲು ಮೊದಲು ನಮ್ಮವರಿಗೆ ಅದೇ ಕಾಯ್ದೆಯ 118ನೇ ಕಲಂ ಅಡ್ಡಿಯಾಗುತ್ತಿತ್ತು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ನಿಮ್ಮೆದುರೇ ಸಹಿ ಹಾಕಬೇಕು. ಪಾಲು ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಹಾಕಿದರೆ ಅವರ ಪಾಲೇ ಬಿದ್ದುಹೋಗುತ್ತದೆ. ಮದುವೆಗೆ ಮುಂಚೆ ಬರೆದಿಟ್ಟದ್ದಿದ್ದರೆ ಅದು ಮದುವೆಯ ದಿನವೇ ರದ್ದಾಗಿದೆ, ಹೊಸದಾಗಿ ಬರೆಯಿರಿ. ಎಲ್ಲಿಟ್ಟಿದ್ದೀರೆಂದು ಮನೆಯವರಿಗೆ ತಿಳಿಸಿರಿ.