ಶುದ್ಧೀಕರಣ ವ್ಯವಸ್ಥೆ ಕೆಟ್ಟಾಗ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ನೀರನ್ನು ನೇರ ತೋಡಿಗೆ ಬಿಡಬಹುದೇ?

ಬಿಡುವಂತಿಲ್ಲ, ಒಂದು ರಾತ್ರಿಯ ಮಟ್ಟಿಗೂ. ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಮೀರಿದ ನೀರನ್ನು ಗೊತ್ತಿದ್ದೂ ಹೊಳೆಗೋ ಬಾವಿಗೋ ನೆಲಕ್ಕೋ ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ಕರೆಂಟ್ ಇರಲಿಲ್ಲ, ಹೊಂಡಕ್ಕೆ ಗಾಳಿ ಊದುವ ಏರೇಟರ್ ಸುಟ್ಟಿತ್ತು ಎಂಬುದು ಅದಕ್ಕೆ ಪರವಾನಗಿಯಲ್ಲ.

ಇಷ್ಟು ಬಿಗಿ ಯಾಕೆಂದರೆ, ಆ ನೀರಿನಲ್ಲಿ ಹಣ್ಣಿನ ಸಕ್ಕರೆಯೂ ಲೋಳೆಯೂ ತುಂಬಿರುತ್ತವೆ. ಹೊಳೆಯ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ತಿನ್ನುತ್ತಾ ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಅವೇ ಬಳಸಿಬಿಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಆ ನೀರು ಹುಳಿ ಬೇರೆ. ಸುಣ್ಣ ಹಾಕಿ, ಹೊಂಡದಲ್ಲಿ ಕೊಳೆಸಿ, ಗಾಳಿ ಊದುವುದು, ಈ ತಿನ್ನುವ ಕೆಲಸ ಹೊಳೆಯಲ್ಲಲ್ಲ, ಹೊಂಡದಲ್ಲೇ ಮುಗಿಯಲಿ ಎಂದು. ಮಳೆಗಾಲವಾಗಿದ್ದರೆ ಕಾವೇರಿ ಒಂದಿಷ್ಟು ತಡೆದುಕೊಳ್ಳುತ್ತಿತ್ತೇನೋ. ಆದರೆ ಪಲ್ಪಿಂಗ್ ನಡೆಯುವುದು ನವೆಂಬರ್-ಡಿಸೆಂಬರ್‌ನಿಂದಾಚೆ, ತೋಡುಗಳು ಸೊರಗುವ ಹೊತ್ತಿಗೆ.

ಹೊಂಡದ ಏರಿ ಒಡೆಯುವಂಥ ಆಕಸ್ಮಿಕದ ಮಾತು ಬೇರೆ. ಆಗ 31ನೇ ಕಲಂ ಪ್ರಕಾರ ಘಟಕದ ಹೊಣೆಗಾರ ತಕ್ಷಣ ಮಂಡಳಿಗೆ ತಿಳಿಸಬೇಕು. ರಾತ್ರೋರಾತ್ರಿ ಏರಿಯ ಮೇಲಿಂದ ಹೋಸ್ ಎಳೆದು ತೋಡಿಗೆ ಇಳಿಬಿಡುವುದನ್ನು ಆಕಸ್ಮಿಕ ಅನ್ನಲಾಗದು. ಅಂಥದ್ದಕ್ಕೆ 33ಎ ಕಲಂ ಅಡಿ ಮಂಡಳಿ ಘಟಕ ಮುಚ್ಚಿಸಬಹುದು, ಕರೆಂಟ್ ಕಡಿತಕ್ಕೂ ಆದೇಶಿಸಬಹುದು.

ಹೊಂಡದಲ್ಲಿ ಜಾಗ ಇರುವವರೆಗೆ ನೀರು ಹಿಡಿದಿಡಿ, ತುಂಬಿದರೆ ಪಲ್ಪರ್ ನಿಲ್ಲಿಸಿ. ಕುಯ್ದ ಹಣ್ಣನ್ನು ಕಣದಲ್ಲಿ ಹರಡಿ ಚೆರಿಯಾಗಿ, ಅಂದರೆ ಸಿಪ್ಪೆ ಸಮೇತ ಇಡಿಯಾಗಿ, ಒಣಗಿಸಿದರಾಯಿತು. ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಬೆಲೆ ಸಿಗುವುದಿಲ್ಲ, ನಿಜ.